ವಿಚಾರಿಸಿದ ಮನೆಗಳು ನಾನೂರ ಏಳು

ನಮ್ಮ ಊರಿನ ಗೋಪುರದ ಗಂಟೆಯನ್ನು ಯಾರೂ ಹೊಡೆಯುವುದಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಗಳಿಗೆಯಲ್ಲಿ ಒಂದೇ ವಿಷಯವನ್ನು ಬಯಸಿದರೆ ಅದು ತಾನಾಗಿ ಒಂದು ಸಲ ಹೊಡೆಯುತ್ತದೆ, ಅಷ್ಟೆ. ಏನನ್ನು ಬಯಸಿದರು ಎಂದು ಅದು ಹೇಳುವುದಿಲ್ಲ. ಮನೆಮನೆಗೆ ಹೋಗಿ ಅದನ್ನು ಕೇಳಿ ಪುಸ್ತಕದಲ್ಲಿ ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಇಲ್ಲಿ ಬರೆದಿರುವ ಅಂಕಿಗಳೆಲ್ಲ ಸರಿಯಾಗಿವೆ, ಎರಡು ಸಲ ನೋಡಿದ್ದೇನೆ. ಮಿಕ್ಕದ್ದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮನ್ನು ಕಡಲಾಚೆಯ ಹಿರಿನಾಡು ಆಳುತ್ತಿತ್ತು. ಅವರು ಮೊದಲು ಬಂದಾಗ ಗಂಟೆಯ ನಾಲಿಗೆಗೆ ಕಂಬಳಿ ಸುತ್ತಿದರಂತೆ. ಕಂಬಳಿಯೊಳಗಿಂದಲೇ ಹೊಡೆಯಿತು. ಆಮೇಲೆ ನಾಲಿಗೆಯನ್ನೇ ಬಿಚ್ಚಿ ಹಡಗಿನಲ್ಲಿ ತಮ್ಮ ರಾಜಧಾನಿಗೆ ಒಯ್ದರು. ನಾಲಿಗೆ ಇಲ್ಲದೆಯೂ ಹೊಡೆಯಿತು. ಕೊನೆಗೆ ಅವರು ಒಂದು ಕಚೇರಿ ತೆರೆದರು. ಗಂಟೆ ಹೊಡೆದ ಏಳು ದಿನದೊಳಗೆ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ವಿಚಾರಿಸಬೇಕು, ಅತಿ ಹೆಚ್ಚು ಮನೆಯವರು ಹೇಳಿದ್ದನ್ನೇ ಕಾರಣವೆಂದು ದಾಖಲಿಸಿ ರಾಜಧಾನಿಗೆ ಕಳಿಸಬೇಕು ಎಂದು ನಿಯಮವಾಯಿತು. ಮೊದಮೊದಲು ಮನೆಯ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಗಂಡನ ಉತ್ತರ ಹೆಂಡತಿಗೂ ಹೆಂಡತಿಯದು ಗಂಡನಿಗೂ ಕೇಳಿಸಿ ರಂಪವಾಗತೊಡಗಿದ್ದರಿಂದ, ಬಾಗಿಲು ತೆರೆದವರ ಉತ್ತರವೇ ಆ ಮನೆಯ ಉತ್ತರ ಎಂದು ತಿದ್ದುಪಡಿ ಮಾಡಿದರು.

ನಾನು ಹಗಲು ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದೆ. ಸಂಜೆ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಮತ್ಯಾಸ್ ಮೇಷ್ಟ್ರು ನನ್ನ ಕೈಬರಹ ನೋಡಿ ಕಚೇರಿಗೆ ಶಿಫಾರಸು ಮಾಡಿದರು. ಮೊದಲ ದಿನವೇ ಅವರು ಹೇಳಿದ್ದು ನೆನಪಿದೆ: "ನೋಡು ತೊಬಿಯಾಸ್, ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡು. ಖಾಲಿ ಜಾಗಕ್ಕೆ ಯಾರೂ ಸೊನ್ನೆ ಹಾಕೋದಿಲ್ಲ." ಇದು ಪೂರ್ತಿ ನಿಜವಲ್ಲ. ಪರೀಕ್ಷೆಯಲ್ಲಿ ಅವರೇ ಹಾಕುತ್ತಿದ್ದರು.

ವರ್ಷಕ್ಕೆ ಮೂರೋ ನಾಲ್ಕೋ ಸಲ ಗಂಟೆ ಹೊಡೆಯುತ್ತಿತ್ತು. ಉತ್ತರದ ಗಾಳಿ ನಿಂತರೆ ಸಾಕು ಎಂದು ಎರಡು ಸಲ. ಎಲೆಕೋಸಿನ ಸಾರು ಇನ್ನು ಬೇಡ ಎಂದು ಪ್ರತಿ ಫೆಬ್ರುವರಿಯಲ್ಲಿ ಒಂದು ಸಲ. ಸುಂಕದ ಅಧಿಕಾರಿಗೆ ಕಾಯಿಲೆ ಜೋರಾಗಿದ್ದಾಗ ಒಂದು ಸಲ ಹೊಡೆಯಿತು. ಆ ಪುಟ ನೋಡಲು ಈಗಲೂ ಅನುಮತಿ ಬೇಕು. ಎಲ್ಲವನ್ನೂ ಕಳಿಸುತ್ತಿದ್ದೆ. ರಾಜಧಾನಿಯಿಂದ ಪ್ರತಿ ಸಲ ಒಂದೇ ಉತ್ತರ ಬರುತ್ತಿತ್ತು: "ಗಮನಿಸಲಾಗಿದೆ."

ಜನ ಇದಕ್ಕೆ ಹೊಂದಿಕೊಂಡಿದ್ದರು. ಗಂಟೆ ಕೇಳಿದ ಕೂಡಲೇ ಎಲ್ಲರೂ ತಲೆಯೆತ್ತಿ ಗೋಪುರ ನೋಡುತ್ತಿದ್ದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ತನ್ನ ಮನಸ್ಸಿನಲ್ಲಿದ್ದದ್ದೇ ಪಕ್ಕದವನ ಮನಸ್ಸಿನಲ್ಲೂ ಇತ್ತು ಎಂದು ತಿಳಿಯುವುದು ಯಾರಿಗೂ ಹಿತವಲ್ಲ. ಗೋಪುರದ ಬುಡದ ಕೋಣೆಯಲ್ಲಿ ವಾಸವಾಗಿದ್ದು ಬೀಗದ ಕೈ ಇಟ್ಟುಕೊಂಡಿದ್ದ ಓಡಿಲಿಯಕ್ಕ ಮಾತ್ರ ಹೊರಗೆ ಬಂದು ಕೂಗುತ್ತಿದ್ದರು: "ಮತ್ತೇನು ಬೇಕಾಯ್ತು ನಿಮಗೆ? ನನ್ನ ಪಿಂಗಾಣಿ ಬಟ್ಟಲು ಇನ್ನೊಂದು ಬಿತ್ತು!"

ಈಗ ಆ ಮಾರ್ಚ್ ಹದಿನಾಲ್ಕರ ಸಂಗತಿ. ಅದು ಸೋಮವಾರ. ಹಿರಿನಾಡಿನಲ್ಲಿ ಏನೋ ಗಲಭೆಯಾಗಿ ಸರ್ಕಾರ ಬದಲಾಗಿತ್ತು. ಹೊಸ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಅದನ್ನು ಓದಲು ಗವರ್ನರು ಎಲ್ಲರನ್ನೂ ಚೌಕಕ್ಕೆ ಕರೆಸಿದರು. ನೆಲದ ಮೇಲೆ ಅರ್ಧ ಕರಗಿದ ಹಿಮ, ಮೊಣಕಾಲವರೆಗೆ ಕೆಸರು. ಗವರ್ನರು ಕೆಟ್ಟವರಲ್ಲ, ಆದರೆ ನಿಧಾನ. ಐವತ್ತು ನಿಮಿಷ ಓದಿದರು. ಪ್ರಕಟಣೆಯ ಹನ್ನೆರಡನೆಯ ಪುಟದಲ್ಲಿ, ಬೇರೆಯಾಗಲು ಬಯಸುವ ಯಾವುದೇ ಪ್ರಾಂತ್ಯ ತನ್ನ ಜನರ ಬಯಕೆಗೆ ಪುರಾವೆಯನ್ನು ಶುಕ್ರವಾರದ ಹಡಗಿಗೆ ಕಳಿಸಬಹುದು ಎಂದಿತ್ತು. ಅವರು ಆ ಪುಟ ಮುಗಿಸಿ, ಹದಿಮೂರನೆಯದಕ್ಕೆ ಬೆರಳು ಒದ್ದೆ ಮಾಡಿಕೊಳ್ಳುತ್ತಿದ್ದಾಗ ಗಂಟೆ ಹೊಡೆಯಿತು. ನಾನು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು.

ಎಲ್ಲರೂ ತಲೆಯೆತ್ತಿದರು. ಗವರ್ನರೂ ಎತ್ತಿದರು. ಆಮೇಲೆ ಅವರು ನನ್ನ ಕಡೆ ನೋಡಿ, "ದಾಖಲೆಯವರು ವಿಚಾರಿಸಲಿ" ಎಂದು ಹೇಳಿ ಹದಿಮೂರನೆಯ ಪುಟ ಓದಿದರು.

ಊರಿನಲ್ಲಿ ಎಂಟುನೂರ ಹನ್ನೆರಡು ಮನೆ. ಅರ್ಧಕ್ಕಿಂತ ಹೆಚ್ಚು ಎಂದರೆ ನಾನೂರ ಏಳು. ಏಳು ದಿನದ ಕೆಲಸ ನಾಲ್ಕು ದಿನದಲ್ಲಿ ಆಗಬೇಕಿತ್ತು. ಅಂದು ಮಧ್ಯಾಹ್ನವೇ ಬಂದರಿನ ಕಡೆಯಿಂದ ಶುರು ಮಾಡಿದೆ. ಮೊದಲ ಮನೆ ಬೇಕರಿಯ ಗ್ರೆಗೋರಣ್ಣನದು.

"ಹನ್ನೊಂದು ಇಪ್ಪತ್ತಕ್ಕೆ ನಿಮಗೆ ಏನು ಬೇಕಿತ್ತು?" ಎಂದು ಕೇಳಿದೆ.

"ಹಿಟ್ಟು," ಎಂದ.

"ಹಿಟ್ಟು ಬೇಕಿತ್ತೇ?"

"ಹಿಟ್ಟು ಕಲಸಿಟ್ಟು ಬಂದಿದ್ದೆ ಮಾರಾಯ. ಅದು ಉಬ್ಬಿ ನೆಲಕ್ಕೆ ಇಳೀತಾ ಇರುತ್ತೆ, ಈ ಮನುಷ್ಯ ಒಮ್ಮೆ ಮುಗಿಸಿದ್ರೆ ಸಾಕು ಅಂತ ನಿಂತಿದ್ದೆ. ಬರ್ಕೋ. ಹೆಸರು ಬರೀಬೇಡ."

ಎರಡನೆಯ ಮನೆಯ ಪೆಟ್ರೊನಿಲಜ್ಜಿ ಬಾಗಿಲು ಪೂರ್ತಿ ತೆರೆಯದೆ ಹೇಳಿದರು: "ಕಾಲು ಮರಗಟ್ಟಿತ್ತಪ್ಪಾ. ಇನ್ನೇನು ಬೇಕಿರುತ್ತೆ ನನಗೆ? ಮನೆಗೆ ಬಂದು ಒಲೆ ಮುಂದೆ ಕೂತರೆ ಸಾಕಿತ್ತು."

ಹೀಗೇ ನಡೆಯಿತು. ನಡುನಡುವೆ ಒಬ್ಬರು, ಕಿಟಕಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ "ಸ್ವಾತಂತ್ರ್ಯ" ಎನ್ನುತ್ತಿದ್ದರು. ಸ್ವಾತಂತ್ರ್ಯ ಎಂದವರೆಲ್ಲ ಮೊದಲು ಕಿಟಕಿ ನೋಡಿದರು. ಕಾಲು ಎಂದವರು ನೇರವಾಗಿ ನನ್ನ ಮುಖ ನೋಡಿದರು. ಇದರಿಂದ ಯಾರು ನಿಜ ಹೇಳಿದರು ಎಂದು ನಿರ್ಧರಿಸಬಹುದೇ? ಗವರ್ನರು ಇನ್ನೂ ಊರಿನಲ್ಲೇ ಇದ್ದರು. ಹೆದರಿದವರು ಕಾಲು ಎಂದು ಹೇಳಿರಬಹುದು. ಅಥವಾ ಕಾಲು ನಿಜವಾಗಿಯೂ ಮರಗಟ್ಟಿರಬಹುದು. ನನ್ನ ಕಾಲೂ ಮರಗಟ್ಟಿತ್ತು. ಎಲ್ಲವನ್ನೂ ನನ್ನ ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಬುಧವಾರ ಸಂಜೆ ನನಗೆ ಜ್ವರ ಬಂತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೂರ ಎರಡು ಡಿಗ್ರಿ ಇತ್ತು. ಗುರುವಾರ ಪೂರ್ತಿ ಮಲಗಿದ್ದೆ. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೋಗಿ ಎಣಿಸಿದಾಗ ಇನ್ನೂರ ಹನ್ನೆರಡು ಮನೆಯಾಗಿತ್ತು. ಭಾಷಣ ಮುಗಿದು ಮನೆಗೆ ಹೋದರೆ ಸಾಕು ಎಂದವರು ತೊಂಬತ್ತೇಳು. ನೆನಪಿಲ್ಲ ಎಂದವರು ನಲವತ್ತನಾಲ್ಕು. ಸ್ವಾತಂತ್ರ್ಯ ಎಂದವರು ಮೂವತ್ತೊಂದು. ಇತರೆ ನಲವತ್ತು, ಅದರಲ್ಲಿ ಮೂವರು ಎಲೆಕೋಸಿನ ಸಾರಿನ ವಿಷಯ ಎತ್ತಿದ್ದರು.

ದೊಡ್ಡ ಪುಸ್ತಕ ತೆರೆದು ಕೂತೆ. ಹಡಗು ಹನ್ನೆರಡಕ್ಕೆ ಹೊರಡುತ್ತಿತ್ತು. ಹನ್ನೊಂದೂವರೆಗೆ ಮತ್ಯಾಸ್ ಮೇಷ್ಟ್ರು ಬಂದರು. ಅವರು ಆಗ ಸ್ವಾತಂತ್ರ್ಯ ಸಮಿತಿಯ ಅಧ್ಯಕ್ಷರು. ಅವರ ಹಿಂದೆ ಬೀದಿಯಲ್ಲಿ ನೂರಿನ್ನೂರು ಜನ ಇದ್ದರು. ಮೇಷ್ಟ್ರು ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಟೋಪಿ ತೆಗೆದರು.

"ಬರೆದಾಯ್ತೇನಪ್ಪಾ?"

"ಬರೀತಾ ಇದೀನಿ ಸಾರ್."

"ಬರಿ, ಬರಿ. ಅವಸರ ಇಲ್ಲ. ಹಡಗಿಗೆ ಇನ್ನೂ ಅರ್ಧ ಗಂಟೆ ಇದೆ."

ಅಷ್ಟೇ ಹೇಳಿದ್ದು. ಬೇರೆ ಏನೂ ಹೇಳಲಿಲ್ಲ, ಒತ್ತಾಯ ಮಾಡಲಿಲ್ಲ. ನಾನು ಶಾಯಿಯಲ್ಲಿ ಬರೆದೆ: "ಕಾರಣ: ಸ್ವತಂತ್ರರಾಗಬೇಕೆಂಬ ಬಯಕೆ. ವಿಚಾರಿಸಿದ ಮನೆಗಳು: ನಾನೂರ ಏಳು." ಅಕ್ಷರ ಚೆನ್ನಾಗಿ ಬಂದಿತ್ತು. ಮೇಷ್ಟ್ರು ಓದಿ, ಟೋಪಿ ಹಾಕಿಕೊಂಡು, ನಾನು ಬರೆದುಕೊಟ್ಟ ನಕಲು ತೆಗೆದುಕೊಂಡು ಹೋದರು. ಬೀದಿಯಲ್ಲಿ ಜನ ಕೂಗಿದ್ದು ಕೇಳಿಸಿತು. ನಾನು ಪೆನ್ಸಿಲಿನ ಸಣ್ಣ ಪುಸ್ತಕವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಎರಡು ವಾರದ ಮೇಲೆ ಹಿರಿನಾಡಿನಿಂದ ಉತ್ತರ ಬಂತು: "ಗಮನಿಸಲಾಗಿದೆ." ಇದರ ಅರ್ಥವೇನೆಂದು ಸಮಿತಿ ಮೂರು ದಿನ ಚರ್ಚಿಸಿ, ನಾವು ಸ್ವತಂತ್ರರಾಗಿದ್ದೇವೆ ಎಂದು ತೀರ್ಮಾನಿಸಿತು. ಹಿರಿನಾಡು ಆಕ್ಷೇಪಿಸಲಿಲ್ಲ. ಗವರ್ನರು ಪೆಟ್ಟಿಗೆ ಕಟ್ಟಿದರು. ಬಂದರಿನಲ್ಲಿ ಅವರನ್ನು ಬೀಳ್ಕೊಡಲು ಹೋದ ಹತ್ತಾರು ಜನರಲ್ಲಿ ನಾನೂ ಇದ್ದೆ. ಅವರು ನನ್ನ ಕೈ ಕುಲುಕಿ ಹೇಳಿದರು: "ನನ್ನ ಮನೆಗೆ ನೀವು ಬರಲೇ ಇಲ್ಲ."

"ಜ್ವರ ಬಂದಿತ್ತು, ಮಹಾಸ್ವಾಮಿ."

"ಇರಲಿ. ಬಂದಿದ್ದರೆ ಹೇಳುತ್ತಿದ್ದೆ. ಓದೋದು ಒಮ್ಮೆ ಮುಗಿದರೆ ಸಾಕು ಅಂತ ನನಗೂ ಅನ್ನಿಸಿತ್ತು. ನನ್ನ ಬೂಟಿನಲ್ಲಿ ತೂತಿತ್ತು."

ಅವರು ಹಡಗು ಹತ್ತಿದರು. ನಾನು ಮನೆಗೆ ಬಂದು ತೊಂಬತ್ತೆಂಟು ಎಂದು ತಿದ್ದಬೇಕೇ ಎಂದು ಬಹಳ ಹೊತ್ತು ಯೋಚಿಸಿದೆ. ಏಳು ದಿನ ಕಳೆದಿದ್ದರಿಂದ ತಿದ್ದಲಿಲ್ಲ.

ಆಮೇಲೆ ಐದು ವರ್ಷ ಒಂದು ದೇಶಕ್ಕೆ ಬೇಕಾದದ್ದನ್ನೆಲ್ಲ ಮಾಡಿದೆವು. ಬಾವುಟಕ್ಕೆ ಬಟ್ಟೆ, ಅಂಚೆ ಚೀಟಿಗೆ ಚಿತ್ರ, ಮೂವತ್ತೊಂದು ಜನರ ಸಭೆ. ಸಂವಿಧಾನ ಬರೆಯುವುದು ತಡವಾಯಿತು. ಯಾವುದೇ ಕಲಮು ಓದಿದರೂ ಸಭೆಯವರು ಕಿವಿಗೊಟ್ಟು ಗಂಟೆಗಾಗಿ ಕಾಯುತ್ತಿದ್ದರು. ಗಂಟೆ ಹೊಡೆಯುತ್ತಿರಲಿಲ್ಲ. ಚುನಾವಣೆ ಯಾಕೆ ಬೇಕು, ಗಂಟೆ ಇದೆಯಲ್ಲ ಎಂದು ಗ್ರೆಗೋರಣ್ಣ ವಾದಿಸಿದ. ಮೇಷ್ಟ್ರು ಹೇಳಿದರು: "ವರ್ಷಕ್ಕೆ ನಾಲ್ಕು ದಿನ ಹೊಡೆಯುತ್ತಪ್ಪಾ ಅದು. ಮಿಕ್ಕ ದಿನ ಬೀದಿ ಗುಡಿಸೋದು ಬೇಡವೇ?" ಕೊನೆಗೆ ಮತಪೆಟ್ಟಿಗೆ ಎಂದಾಯಿತು. ಸಂವಿಧಾನಕ್ಕೆ ಜನರ ಒಪ್ಪಿಗೆ ಕೇಳುವ ಮತದಾನ ಮಾರ್ಚ್ ಇಪ್ಪತ್ತರ ಭಾನುವಾರ. ಅದಕ್ಕೆ ಮೊದಲು, ಹದಿನಾಲ್ಕರಂದು, ಚೌಕದಲ್ಲಿ ಎಲ್ಲರೆದುರು ಮೂಲ ದಾಖಲೆಯನ್ನು ದಾಖಲೆಯವರು ಪ್ರಮಾಣ ಮಾಡಿ ಓದಬೇಕು. ಯಾಕೆಂದರೆ ಮೊದಲ ಕಲಮಿನಲ್ಲಿ ಹೀಗಿತ್ತು: "ನಾನೂರ ಏಳು ಮನೆಗಳ ಸ್ಪಷ್ಟ ಹೇಳಿಕೆಯ ಮೇಲೆ ಈ ದೇಶ ಹುಟ್ಟಿತು." ರಾಷ್ಟ್ರಗಳ ಕೂಟದಿಂದ ಒಬ್ಬ ಪರೀಕ್ಷಕಿ ಬಂದು ಕೇಳಲಿದ್ದರು, ಅವರು ಬರೆಯುವ ವರದಿಯ ಮೇಲೆ ನಮ್ಮನ್ನು ದೇಶವೆಂದು ಒಪ್ಪಬೇಕೋ ಬೇಡವೋ ಎಂಬುದು ನಿಂತಿತ್ತು. ಹಿರಿನಾಡಿನಲ್ಲಿ ಮತ್ತೆ ಸರ್ಕಾರ ಬದಲಾಗಿ, ಆ ಹಳೆಯ ಪುರಾವೆಯನ್ನು ಇನ್ನೊಮ್ಮೆ ನೋಡಬೇಕು ಎಂಬ ಮಾತು ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಿತ್ತು.

ಪ್ರಮಾಣದ ಒಕ್ಕಣೆಯನ್ನು ನನಗೆ ಜನವರಿಯಲ್ಲೇ ಕೊಟ್ಟರು. "ನಾನು ಸ್ವತಃ ಹೋಗಿ, ಸ್ವತಃ ಕೇಳಿ, ಕೇಳಿದ್ದನ್ನೇ ಬರೆದಿದ್ದೇನೆ." ಮೂರು ಸಲ 'ನಾನು' ಬರುವಂತೆ ಇನ್ನೂ ಎರಡು ವಾಕ್ಯ ಇದ್ದವು. ನನಗೆ ಊಟ ಸೇರದಾಯಿತು.

ಮೊದಲು ನಾನು ಮಾಡಿದ್ದು ಅವಿವೇಕವೋ ಏನೋ. ಬಿಟ್ಟುಹೋದ ಮನೆಗಳಿಗೆ ಈಗ ಹೋದೆ. ನೂರ ತೊಂಬತ್ತೈದು ಮನೆಯ ಉತ್ತರ ಸಿಕ್ಕರೆ, ಐದು ವರ್ಷ ತಡವಾದರೂ, ಒಂದು ಸಂಖ್ಯೆಯಾದರೂ ನಿಜವಾಗುತ್ತದೆ ಎಂದುಕೊಂಡೆ. "ಆ ಮಾರ್ಚ್ ಹದಿನಾಲ್ಕು, ಹನ್ನೊಂದು ಇಪ್ಪತ್ತಕ್ಕೆ ನಿಮಗೆ ಏನು ಬೇಕಿತ್ತು?"

"ಇದೇನು ಕೇಳ್ತೀರಿ ದಾಖಲೆಯವರೇ, ಸ್ವಾತಂತ್ರ್ಯ!" ಎಂದರು. ಎಲ್ಲರೂ ಅದನ್ನೇ ಹೇಳಿದರು, ನೂರ ತೊಂಬತ್ತೈದೂ ಮನೆಯವರು. ಒಬ್ಬರೂ ಕಿಟಕಿ ನೋಡಲಿಲ್ಲ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅನುಮಾನ ಬಂದು ಹಳೆಯ ಮನೆಗಳಿಗೂ ಹೋದೆ. ಗ್ರೆಗೋರಣ್ಣ ಎದೆ ಮುಟ್ಟಿಕೊಂಡು ಹೇಳಿದ: "ಆ ದಿನ ನಾನು ಚೌಕದಲ್ಲಿ ನಿಂತು ಅತ್ತಿದ್ದೆ ಕಣಯ್ಯಾ. ಮಕ್ಕಳಿಗೆ ಹೇಳ್ತಾನೇ ಇರ್ತೀನಿ."

"ಹಿಟ್ಟು ಅಂತ ಹೇಳಿದ್ದಿರಿ."

"ಯಾವ ಹಿಟ್ಟು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ನಿಜವಾಗಿಯೂ ಅವನಿಗೆ ಹಿಟ್ಟು ನೆನಪಿರಲಿಲ್ಲ. ಪೆಟ್ರೊನಿಲಜ್ಜಿ ತೀರಿಕೊಂಡಿದ್ದರು. ಅವರ ಮಗಳು, ಅಮ್ಮ ಸಾಯುವಾಗಲೂ ಹನ್ನೊಂದು ಇಪ್ಪತ್ತರ ಗಂಟೆಯ ಮಾತಾಡುತ್ತಿದ್ದಳು ಎಂದಳು. ಅಜ್ಜಿಯ ಕಾಲಿನ ವಿಷಯ ಈಗ ನನಗೊಬ್ಬನಿಗೇ ಗೊತ್ತು ಎಂದು ಆಗ ಹೊಳೆಯಿತು. ನನ್ನ ಡಬ್ಬಿಯಲ್ಲಿ ಮಾತ್ರ ಅವರು ಇನ್ನೂ ಚಳಿಯಲ್ಲಿ ನಿಂತಿದ್ದರು.

ಓಡಿಲಿಯಕ್ಕನಿಗೆ ಹೇಳಿದೆ. ಅವರು ಗೋಪುರದ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು.

"ಐದು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ತಿರುಗಿದ್ಯಾ?"

"ಹೌದು ಅಕ್ಕ."

"ಅದಕ್ಕೇ ಹಿಂಗೆ ಒಣಗಿದೀಯ. ನಾನು ಹುಳದ ಔಷಧಿ ಕೊಡಬೇಕು ಅಂತಿದ್ದೆ." ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು. "ಈಗ ಏನು ಮಾಡ್ತೀಯ?"

"ಪ್ರಮಾಣ ಮಾಡಿದರೆ ಸುಳ್ಳಾಗುತ್ತೆ. ಮಾಡದಿದ್ದರೆ ದೇಶ ಹೋಗುತ್ತೆ."

"ನೀನೊಬ್ಬ ಬಾಯಿ ಬಿಟ್ರೆ ಹೋಗೋ ದೇಶ ಅದೆಂಥ ದೇಶ ಮಾರಾಯ! ಮೇಷ್ಟ್ರಿಗೆ ಹೇಳಿದೀಯೇನು?"

ಹೇಳಿರಲಿಲ್ಲ. ಮರುದಿನ ಮಧ್ಯಾಹ್ನ ಸಭಾಭವನಕ್ಕೆ ಹೋದೆ. ಮೇಷ್ಟ್ರು ಸಂವಿಧಾನದ ಅಚ್ಚಿನ ಪ್ರತಿ ತಿದ್ದುತ್ತಿದ್ದರು. ಬಿಸ್ಕತ್ತಿನ ಡಬ್ಬಿ ಅವರ ಮುಂದಿಟ್ಟೆ. ಬಿಸ್ಕತ್ತು ಎಂದುಕೊಂಡು ಅವರು ತೆರೆದರು. ಕನ್ನಡಕ ಹಾಕಿಕೊಂಡು ಇನ್ನೂರ ಹನ್ನೆರಡು ಉತ್ತರಗಳನ್ನೂ ಓದಿದರು. ಇಪ್ಪತ್ತನೆಯದು ಅವರ ಮನೆಯದು. ಬಾಗಿಲು ತೆರೆದದ್ದು ಅವರ ಹೆಂಡತಿ. "ಇವರು ಇಷ್ಟು ಹೊತ್ತು ಚಳಿಯಲ್ಲಿ ನಿಂತು ಕೆಮ್ಮು ಬರಿಸಿಕೊಳ್ಳದೆ ಇರಲಿ" ಎಂದು ಬರೆಸಿದ್ದರು. ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿದರು.

"ನಾನು ನಿನಗೆ ಏನು ಕಲಿಸಿದ್ದೆ?" ಎಂದರು ಕೊನೆಗೆ.

"ಗೊತ್ತಿಲ್ಲದಿದ್ದರೆ ಖಾಲಿ ಬಿಡು ಅಂತ."

"ಯಾಕೆ ಬಿಡಲಿಲ್ಲ?"

"ನೀವು ಬಾಗಿಲಲ್ಲಿ ನಿಂತಿದ್ದಿರಿ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಮತ್ತೆ ಹಾಕಿಕೊಳ್ಳಲಿಲ್ಲ. "ಪರೀಕ್ಷಕಿ ಶನಿವಾರ ಬರ್ತಾರೆ," ಎಂದರು. "ನೀನು ಏನು ಓದಬೇಕು ಅಂತ ನಾನು ಹೇಳೋದಿಲ್ಲ. ಈ ಸಲ ನಾನು ಬಾಗಿಲಲ್ಲಿ ನಿಲ್ಲೋದಿಲ್ಲ." ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಆ ದೇಶಕ್ಕಾಗಿ ಅವರು ಎರಡು ವರ್ಷ ಜೈಲಿನಲ್ಲಿದ್ದವರು. ಅದನ್ನು ನಾನು ಮೊದಲೇ ಹೇಳಬೇಕಾಗಿತ್ತು.

ಹದಿನಾಲ್ಕು ಬಂತು. ಅದೇ ಚೌಕ, ಅಂಥದ್ದೇ ಕೆಸರು. ಪರೀಕ್ಷಕಿ ಎತ್ತರದ ಹೆಂಗಸು, ಹಡಗಿನಲ್ಲೇ ನೆಗಡಿ ಹಿಡಿದಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ಮೂವತ್ತೊಂದು ಜನ ಸಭಾಸದರು ಹಿಂದಿನ ಸಾಲಿನಲ್ಲಿ. ಮೇಷ್ಟ್ರು ನನ್ನಿಂದ ಬಹಳ ದೂರ, ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ನಾನು ವೇದಿಕೆ ಹತ್ತಿ ದೊಡ್ಡ ಪುಸ್ತಕ ಮೇಜಿನ ಮೇಲಿಟ್ಟೆ. ಅದರ ಮೇಲೆ ಸಣ್ಣ ಪುಸ್ತಕ ಇಟ್ಟೆ.

"ಇದರಲ್ಲಿ ನಾನೂರ ಏಳು ಅಂತ ಬರೆದಿದೆ," ಎಂದೆ. "ನಾನು ಹೋದದ್ದು ಇನ್ನೂರ ಹನ್ನೆರಡು ಮನೆಗೆ. ಕಾರಣವನ್ನೂ ನಾನೇ ಬರೆದೆ. ಹೆಚ್ಚು ಜನ ಅದನ್ನು ಹೇಳಿರಲಿಲ್ಲ. ಅವರು ಹೇಳಿದ್ದನ್ನು ಓದುತ್ತೇನೆ. ಒಂದನೆಯ ಮನೆ. ಹಿಟ್ಟು."

ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಮೂರನೆಯ ಮನೆಯ ಹೊತ್ತಿಗೆ ಯಾರೋ ಕೂಗಿದರು: "ಏಯ್ ಗ್ರೆಗೋರಾ, ಅತ್ತಿದ್ದೆ ಅಂತಿದ್ದಲ್ಲೋ! ಹಿಟ್ಟಿಗಾ?"

"ನಿನ್ನದು ಬರಲಿ, ಆಮೇಲೆ ಮಾತಾಡು!" ಎಂದ ಗ್ರೆಗೋರಣ್ಣ.

"ದ್ರೋಹಿ!" ಎಂದು ಒಬ್ಬ ನನಗೆ ಕೂಗಿದ. ಹಿಮದ ಉಂಡೆಯೊಂದು ಬಂದು ಮೇಜಿಗೆ ಬಿತ್ತು. ನಾನು ಪುಟ ಒರೆಸಿಕೊಂಡು ಓದಿದೆ. ಕಾಲು. ಕಾಲು. ನೆನಪಿಲ್ಲ. ಸ್ವಾತಂತ್ರ್ಯ. ಕಾಲು. ಇಪ್ಪತ್ತನೆಯದನ್ನು ಓದುವಾಗ ಕೊನೆಯ ಕುರ್ಚಿಯ ಕಡೆ ನೋಡಲಿಲ್ಲ. ಅರವತ್ತು, ಎಪ್ಪತ್ತು ಆಗುವ ಹೊತ್ತಿಗೆ ಕೂಗಾಟ ನಿಂತಿತು. ಜನ ತಮ್ಮ ಮನೆ ಬರುವುದನ್ನು ಕಾಯತೊಡಗಿದರು, ಬಂದಾಗ ತಲೆ ತಗ್ಗಿಸಿದರು. ಸ್ವಾತಂತ್ರ್ಯ ಎಂದಿದ್ದ ಮನೆಗಳವರೂ ತಲೆ ತಗ್ಗಿಸಿದರು. ಅದು ಯಾಕೆಂದು ನನಗೆ ತಿಳಿಯಲಿಲ್ಲ.

ನೂರ ಅರವತ್ತಮೂರನೆಯ ಮನೆ ಓದುತ್ತಿದ್ದಾಗ ಗಂಟೆ ಹೊಡೆಯಿತು.

ಎಲ್ಲರೂ ತಲೆಯೆತ್ತಿ ಗೋಪುರ ನೋಡಿದರು. ಪರೀಕ್ಷಕಿಯೂ ನೋಡಿದರು. "ಇದರ ಅರ್ಥ ಏನು?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ, ಅಮ್ಮ," ಎಂದೆ. "ವಿಚಾರಿಸಬೇಕು. ಏಳು ದಿನ ಹಿಡಿಯುತ್ತೆ." ಸಮಯ ಬರೆದುಕೊಂಡೆ, ಹನ್ನೊಂದು ನಲವತ್ತೆಂಟು. ಆಮೇಲೆ ಉಳಿದ ನಲವತ್ತೊಂಬತ್ತು ಮನೆ ಓದಿ ಮುಗಿಸಿದೆ.

ಪರೀಕ್ಷಕಿ ಸಭಾಸದರ ಕಡೆ ತಿರುಗಿದರು. "ಹಾಗಾದರೆ ನಿಮ್ಮ ಮೊದಲ ಕಲಮಿನ ಗತಿ ಏನು?"

ಮೇಷ್ಟ್ರು ಎದ್ದರು. "ಹೊಡೆದು ಹಾಕ್ತೀವಿ," ಎಂದರು. "ಭಾನುವಾರ ಹೇಗೂ ಪೆಟ್ಟಿಗೆ ಇಡ್ತೀವಲ್ಲ. ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸ್ತೀವಿ. ಈ ಊರು ಸ್ವತಂತ್ರ ದೇಶವಾಗಿರಬೇಕೇ, ಬೇಡವೇ. ಐದು ವರ್ಷದ ಹಿಂದೆ ಏನು ಬೇಕಿತ್ತು ಅಂತ ಅಲ್ಲ. ಈಗ ಏನು ಬೇಕು ಅಂತ."

"ಬೇಡ ಅಂದರೆ?"

"ಬೇಡ ಅಂತ ಬರೀತಾನೆ," ಎಂದು ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಈಗ ನಂಬಬಹುದು ಅವನನ್ನ."

ಚೀಟಿಗಳನ್ನು ಮತ್ತೆ ಅಚ್ಚು ಹಾಕಿಸಿದರು. ಭಾನುವಾರ ಚೌಕದಲ್ಲಿ ಡೇರೆ ಕಟ್ಟಿ, ಗ್ರೆಗೋರಣ್ಣನ ಬೇಕರಿಯ ಮೇಜುಗಳನ್ನು ತಂದು ಹಾಕಿ, ಪರದೆ ಇಳಿಬಿಟ್ಟಿದ್ದರು. ಪರದೆಯ ಹಿಂದೆ ಕಿಟಕಿ ಇರಲಿಲ್ಲ. ಕೆಸರಿನಿಂದಾಗಿ ಎಲ್ಲರೂ ಬರಲಿಲ್ಲ. ಬೇಕು ಎಂದವರು ಸಾವಿರದ ಇನ್ನೂರ ನಾಲ್ಕು, ಬೇಡ ಎಂದವರು ಆರುನೂರ ಹನ್ನೊಂದು. ಸಂವಿಧಾನವೂ ಪಾಸಾಯಿತು. ಊರಿನ ಜನಸಂಖ್ಯೆ ಎರಡು ಸಾವಿರದ ಏಳುನೂರ ಚಿಲ್ಲರೆ ಆದ್ದರಿಂದ ಗಂಟೆ ಇಡೀ ದಿನ ಹೊಡೆಯಲಿಲ್ಲ. ಎಣಿಕೆ ಮುಗಿದ ಮೇಲೂ ಕೆಲವರು ಗೋಪುರ ನೋಡುತ್ತಾ ನಿಂತಿದ್ದರು. ಮೇಷ್ಟ್ರು ಅವರ ಬಳಿ ಹೋಗಿ, "ಮನೆಗೆ ಹೋಗ್ರಪ್ಪಾ, ಆಯ್ತು" ಎಂದರು. ಹೋಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಯಾವುದಕ್ಕೆ ಗುರುತು ಹಾಕಿದೆ ಎಂದು ಇಲ್ಲಿ ಬರೆಯುವಂತಿಲ್ಲ, ಅದು ಗುಪ್ತ ಮತದಾನ.

ಪರೀಕ್ಷಕಿಯ ವರದಿ ನಾಲ್ಕು ತಿಂಗಳ ಮೇಲೆ ಬಂತು. ಮೂಲ ದಾಖಲೆ ಸುಳ್ಳೆಂದು ದಾಖಲೆಯವರೇ ಒಪ್ಪಿದ್ದಾರೆ, ಮತದಾನ ಕ್ರಮವಾಗಿ ನಡೆದಿದೆ, ಚೌಕದಲ್ಲಿ ಚರಂಡಿಯ ಅಗತ್ಯವಿದೆ ಎಂದು ಬರೆದಿದ್ದರು. ನಮ್ಮನ್ನು ಒಪ್ಪಿಕೊಂಡರು. ಆದರೆ ಇದು ಮುಂದಿನ ಮಾತು.

ಮತದಾನದ ಮೊದಲೂ ನಂತರವೂ ನಾನು ಮನೆಮನೆ ತಿರುಗುತ್ತಿದ್ದೆ. ಈ ಸಲ ಎಂಟುನೂರ ಹನ್ನೆರಡು ಮನೆಯನ್ನೂ ವಿಚಾರಿಸಿದೆ. ಕೆಲವರು ಬಾಗಿಲು ಮುಖಕ್ಕೆ ಹಾಕಿ, ಎರಡನೆಯ ಸಲ ಹೋದಾಗ ತೆರೆದರು. ಗ್ರೆಗೋರಣ್ಣ ಕೈಗೆ ಒಂದು ಬ್ರೆಡ್ಡು ಕೊಟ್ಟು, "ನೀನು ಓದೋದು ನಿಲ್ಲಿಸಿದ್ರೆ ಸಾಕು ಅನ್ನಿಸಿತ್ತು. ಹೆಸರು ಬರಿ, ಪರವಾಗಿಲ್ಲ" ಎಂದ. ಒಟ್ಟು ಹೀಗೆ: ಇವನು ಓದುವುದು ನಿಲ್ಲಿಸಿದರೆ ಸಾಕು, ಐದುನೂರ ಎಂಟು. ಆದದ್ದು ಆಯಿತು, ದೇಶ ಉಳಿಯಲಿ, ನೂರ ಇಪ್ಪತ್ತೆರಡು. ಪೂರ್ತಿ ಓದಲಿ, ಎಪ್ಪತ್ತೊಂದು. ನೆನಪಿಲ್ಲ, ಅರವತ್ತಮೂರು. ಇತರೆ, ನಲವತ್ತೆಂಟು. ಹಾಗೆಯೇ ದೊಡ್ಡ ಪುಸ್ತಕದಲ್ಲಿ ಬರೆದೆ. ಹಳೆಯ ಪುಟದಲ್ಲಿ ನಾನೂರ ಏಳರ ಮೇಲೆ ಗೆರೆ ಎಳೆದು ಇನ್ನೂರ ಹನ್ನೆರಡು ಎಂದು ಬರೆದೆ. ಕಾರಣದ ಜಾಗವನ್ನು ಹೊಡೆದು ಹಾಕಿ, ಪಕ್ಕದಲ್ಲಿ ಖಾಲಿ ಬಿಟ್ಟೆ.

ಏಳನೆಯ ದಿನ ಸೋಮವಾರ. ಗೋಪುರ ಮನೆಗಳ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಓಡಿಲಿಯಕ್ಕನನ್ನು ಯಾರೂ ಎಂದೂ ವಿಚಾರಿಸಿರಲಿಲ್ಲ. ಈ ಸಲ ಹೋದೆ. ಅವರು ನನ್ನನ್ನು ಒಲೆಯ ಪಕ್ಕ ಕೂರಿಸಿದರು. ಬಟ್ಟಲುಗಳನ್ನು ಕಪಾಟಿನಿಂದ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದರು.

"ಹದಿನಾಲ್ಕರಂದು, ಹನ್ನೊಂದು ನಲವತ್ತೆಂಟಕ್ಕೆ ನಿಮಗೆ ಏನು ಬೇಕಿತ್ತು ಅಕ್ಕ?"

"ಈ ಹಾಳು ಗಂಟೆ ಹೊಡೀದೆ ಇರಲಿ ಅಂತ."

"ಐದು ವರ್ಷದ ಹಿಂದೆ?"

"ಆಗಲೂ ಅದೇ. ನಲವತ್ತು ವರ್ಷದಿಂದ ಅದೇ." ನಾನು ಬರೆಯುವುದನ್ನು ನೋಡುತ್ತಿದ್ದರು. "ಮುಗೀತಾ?"

"ಮುಗೀತು."

"ನಿನ್ನನ್ನ ಯಾರು ಕೇಳಿದ್ರು?"

"ದಾಖಲೆಯವರ ಮನೆಯೂ ಪಟ್ಟಿಯಲ್ಲಿಲ್ಲ, ವಿಚಾರಿಸೋ ಹಾಗಿಲ್ಲ. ನಿಯಮ."

"ಯಾರ ನಿಯಮ? ಹೋದವರದ್ದು. ಇಲ್ಲಿ ಕೊಡು." ನನ್ನ ಕೈಯಿಂದ ಪುಸ್ತಕವನ್ನೂ ಪೆನ್ಸಿಲನ್ನೂ ಕಿತ್ತುಕೊಂಡು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡರು. "ಹೇಳು. ಆವತ್ತು, ಹಳೇ ಹದಿನಾಲ್ಕು, ಹನ್ನೊಂದು ಇಪ್ಪತ್ತಕ್ಕೆ. ನಿನಗೆ ಏನು ಬೇಕಿತ್ತು?"

"ಕಾಲು ಮರಗಟ್ಟಿತ್ತು," ಎಂದೆ.

ಅವರು ಬರೆಯಲಿಲ್ಲ. ಪೆನ್ಸಿಲು ಹಿಡಿದು ಕಾಯುತ್ತಾ ಕೂತರು. ಒಲೆಯಲ್ಲಿ ಕಟ್ಟಿಗೆ ಒಂದು ಕುಸಿಯಿತು. ಹೊರಗೆ ಚೌಕದಲ್ಲಿ ಡೇರೆ ಬಿಚ್ಚುತ್ತಿದ್ದರು, ಇಬ್ಬರು ಬೇಕರಿಯ ಮೇಜನ್ನು ಹೊತ್ತುಕೊಂಡು ಹೋಗುತ್ತಿದ್ದರು. ಮೇಜು ನನಗೆ ಯಾಕೆ ಕಂಡಿತು ಎಂದರೆ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

"ಸ್ವಾತಂತ್ರ್ಯ," ಎಂದೆ. ದನಿ ತಗ್ಗಿತ್ತು. ಊರಿನಲ್ಲಿ ಗವರ್ನರು ಇಲ್ಲದೆ ಐದು ವರ್ಷವಾಗಿತ್ತು.

"ಒಬ್ಬನ ಉತ್ತರಾನ ಇನ್ನೂರು ಮನೆಗೆ ಹಂಚಿದೀಯ ಅನ್ನು."

"ನೂರ ತೊಂಬತ್ತೈದು ಮನೆಗೆ, ಅಕ್ಕ."

ಓಡಿಲಿಯಕ್ಕ ಬಗ್ಗಿ, ಬಹಳ ನಿಧಾನವಾಗಿ, ಒತ್ತಿ ಒತ್ತಿ ಬರೆದರು. ಬರೆದು ಪುಸ್ತಕ ನನ್ನ ಮಡಿಲಿಗೆ ಹಾಕಿ ಬಟ್ಟಲುಗಳನ್ನು ಕಪಾಟಿಗೆ ಜೋಡಿಸಲು ಎದ್ದರು. ನಾನು ನೋಡಿದೆ. ಉತ್ತರದ ಕಾಲಮಿನಲ್ಲಿ ನನ್ನ ಹೆಸರನ್ನೂ, ಮನೆಯ ಕಾಲಮಿನಲ್ಲಿ ಉತ್ತರವನ್ನೂ ಬರೆದಿದ್ದರು. ರಬ್ಬರು ಜೇಬಿನಲ್ಲೇ ಇತ್ತು. ತಿದ್ದಲಿಲ್ಲ.